ಕ್ಲೆಮೆಂಟ್-ಡೆಸಾರ್ಮ್ಸ್ ಸೆಟ್: ಪೆಟ್ಟಿಗೆಗೆ ಸುರಿದ ದುಡ್ಡು, ವಾಲ್ವಿಗೆ ತೋರಿಸಿದ ಜಿಪುಣತನ

ಡಿಗ್ರಿ ಕಾಲೇಜಿನ ಫಿಸಿಕ್ಸ್ ಲ್ಯಾಬಿಗೆ ಕ್ಲೆಮೆಂಟ್-ಡೆಸಾರ್ಮ್ಸ್ ಸೆಟ್ ತರಿಸಬೇಕು ಅಂತ ಇದ್ದೀರಾ? ಹಾಗಾದರೆ ಕೊಟೇಶನ್ ಕೇಳುವ ಮುಂಚೆ ಇದನ್ನು ಒಮ್ಮೆ ಓದಿ. ನಮ್ಮ ಕರಾವಳಿಯ ಕಾಲೇಜಿಗೆ ಕಳೆದ ವರ್ಷ ಒಂದು ಸೆಟ್ ಬಂತು. ಅಂಬಾಲದಲ್ಲಿ ತಯಾರಾಗಿದ್ದು, ಬೆಂಗಳೂರಿನ ಡೀಲರ್ ಕೈಯಿಂದ ನಮಗೆ ಬಂದಿದ್ದು. ಕಂಪನಿ ಹೆಸರು ಹೇಳುವುದಿಲ್ಲ. ಕ್ಯಾಟಲಾಗ್ ತಿರುವಿದರೆ ನಾಲ್ಕಾರು ಕಂಪನಿಗಳದ್ದೂ ಹೆಚ್ಚು ಕಡಿಮೆ ಇದೇ ಡಿಸೈನ್, ಇದೇ ಫೋಟೋ, ಬರೀ ಮೇಲಿನ ಸ್ಟಿಕ್ಕರ್ ಬೇರೆ. ಬಂದ ಹಾಗೇ ಬಳಸಿದರೆ 5ಕ್ಕೆ 2 ಕೊಡುತ್ತೇನೆ. ಒಂದು ಸಣ್ಣ ರಿಪೇರಿ ಆದ ಮೇಲೆ 4. ಆ ರಿಪೇರಿಯನ್ನು ಕಂಪನಿಯವರೇ ಮಾಡಿ ಕಳಿಸಬಹುದಿತ್ತಲ್ಲ ಅನ್ನುವುದೇ ನನ್ನ ತಕರಾರು.

ಗೊತ್ತಿಲ್ಲದವರಿಗೆ ಎರಡು ಮಾತು. ಇದು ಗಾಳಿಯ ಗಾಮಾ ಅಳೆಯುವ ಸಾಧನ. ಗಾಮಾ ಅಂದರೆ ಸಿಪಿ ಭಾಗಿಸು ಸಿವಿ. ಒತ್ತಡ ಬದಲಾಗದ ಹಾಗೆ ಇಟ್ಟು ಒಂದು ಅನಿಲವನ್ನು ಒಂದು ಡಿಗ್ರಿ ಬಿಸಿ ಮಾಡಲು ಎಷ್ಟು ಶಾಖ ಬೇಕು ಅನ್ನುವುದು ಸಿಪಿ. ಗಾತ್ರ ಬದಲಾಗದ ಹಾಗೆ ಇಟ್ಟು ಬಿಸಿ ಮಾಡಿದರೆ ಬೇಕಾಗುವುದು ಸಿವಿ. ಮೊದಲನೆಯದು ಯಾವಾಗಲೂ ಜಾಸ್ತಿ, ಯಾಕೆಂದರೆ ಅಲ್ಲಿ ಅನಿಲ ಬಿಸಿಯಾಗುವುದರ ಜೊತೆಗೆ ಹಿಗ್ಗಿ ಹೊರಗಿನ ಗಾಳಿಯನ್ನೂ ತಳ್ಳಬೇಕು, ಆ ಕೆಲಸಕ್ಕೂ ಶಾಖ ಖರ್ಚಾಗುತ್ತದೆ. ಗಾಳಿಗೆ ಒಂದು ಮೋಲ್ ಲೆಕ್ಕದಲ್ಲಿ ಸಿಪಿ ಸುಮಾರು 29.1 ಜೂಲ್, ಸಿವಿ 20.8. ವ್ಯತ್ಯಾಸ 8.3. ಇದೇ ನಮ್ಮ ಹಳೇ ಗ್ಯಾಸ್ ಕಾನ್‌ಸ್ಟೆಂಟ್ ಆರ್. ಭಾಗಿಸಿದರೆ 1.40 ಬರುತ್ತದೆ.

ಈ ಸಂಖ್ಯೆ ಸುಮ್ನೆ ಪರೀಕ್ಷೆಗೆ ಬಾಯಿಪಾಠ ಮಾಡುವುದಕ್ಕೆ ಇರುವುದಲ್ಲ. ಶಾಖ ಒಳಗೂ ಬಾರದೆ ಹೊರಗೂ ಹೋಗದೆ ಅನಿಲ ಹಿಗ್ಗಿದರೆ ಅಥವಾ ಕುಗ್ಗಿದರೆ ಅದಕ್ಕೆ ಅಡಿಯಾಬ್ಯಾಟಿಕ್ ಅನ್ನುತ್ತೇವೆ ಅಲ್ವಾ, ಆಗ ಅದರ ಬಿಸಿ ಎಷ್ಟು ಏರುತ್ತದೆ ಎಷ್ಟು ಇಳಿಯುತ್ತದೆ ಅನ್ನುವುದನ್ನು ಈ ಗಾಮಾನೇ ತೀರ್ಮಾನ ಮಾಡುವುದು. ಶಬ್ದದ ವೇಗದಲ್ಲೂ ಇದೇ ಇದೆ. ನ್ಯೂಟನ್ ಲೆಕ್ಕದಲ್ಲಿ ಸೊನ್ನೆ ಡಿಗ್ರಿಯ ಗಾಳಿಯಲ್ಲಿ ಶಬ್ದ ಸೆಕೆಂಡಿಗೆ 280 ಮೀಟರ್ ಹೋಗಬೇಕಿತ್ತು. ನಿಜವಾಗಿ ಹೋಗುವುದು 331. ಶಬ್ದದ ಅಲೆ ಎಷ್ಟು ಬೇಗ ಹಾದುಹೋಗುತ್ತದೆ ಅಂದರೆ ಒತ್ತಿದ ಗಾಳಿಗೆ ತಣ್ಣಗಾಗಲು ಸಮಯವೇ ಇರುವುದಿಲ್ಲ, ಹಾಗಾಗಿ ಸೂತ್ರದ ವರ್ಗಮೂಲದ ಒಳಗೆ ಗಾಮಾ ಸೇರಿಸಬೇಕು ಅಂತ 1816ರಲ್ಲಿ ಲಾಪ್ಲಾಸ್ ಹೇಳಿದರು. 1.4ರ ವರ್ಗಮೂಲ 1.183. 280ಕ್ಕೆ ಗುಣಿಸಿ ನೋಡಿ, 331. ಕ್ಲಾಸಿನಲ್ಲಿ ಇದನ್ನು ಬೋರ್ಡಿನ ಮೇಲೆ ಮಾಡಿದಾಗ ಕೊನೆ ಬೆಂಚಿನವರೂ ತಲೆ ಎತ್ತುತ್ತಾರೆ.

ಈಗ ಪೆಟ್ಟಿಗೆ ಬಿಚ್ಚೋಣ.

ಒಳಗೆ ಬಂದಿದ್ದು ಇಷ್ಟು: ಸುಮಾರು 20 ಲೀಟರಿನ ಗಾಜಿನ ದೊಡ್ಡ ಬಾಟಲಿ, ಅದನ್ನು ಕೂರಿಸಿದ ಮರದ ಪೆಟ್ಟಿಗೆ, ಮಧ್ಯೆ ತುಂಬಿದ ಹತ್ತಿ, ರಬ್ಬರ್ ಕಾರ್ಕ್, ಕಾರ್ಕಿಗೆ ಮೂರು ಕೊಳವೆ, ಒಂದಕ್ಕೆ ಬಿ.ಪಿ. ನೋಡುವ ಡಾಕ್ಟರ ಹತ್ತಿರ ಇರುತ್ತದಲ್ಲ ಅಂಥ ರಬ್ಬರ್ ಬಲ್ಬು, ಇನ್ನೊಂದಕ್ಕೆ ನೀರಿನ ಎತ್ತರದಲ್ಲಿ ಒತ್ತಡ ತೋರಿಸುವ ಯು-ಟ್ಯೂಬ್ ಮ್ಯಾನೋಮೀಟರ್, ಮೂರನೆಯದಕ್ಕೆ ಗಾಳಿ ಬಿಡುವ ಸ್ಟಾಪ್‌ಕಾಕ್. ಪ್ಯಾಕಿಂಗ್ ಚೆನ್ನಾಗಿತ್ತು. ಲಾರಿಯಲ್ಲಿ ಘಾಟಿ ಇಳಿದು ಬಂದರೂ ಗಾಜಿಗೆ ಒಂದು ಬಿರುಕಿಲ್ಲ. ಇದಕ್ಕೆ ಪೂರ್ತಿ ಅಂಕ. ಪೆಟ್ಟಿಗೆಯಂತೂ ಮನೆ ಷೋಕೇಸಿಗೆ ಇಡಬಹುದು, ಅಷ್ಟು ನಯವಾದ ಪಾಲಿಶ್, ಮುಂದೆ ಹಿತ್ತಾಳೆ ಪಟ್ಟಿಯಲ್ಲಿ ಸಾಧನದ ಹೆಸರು ಬೇರೆ ಕೆತ್ತಿಸಿದ್ದಾರೆ.

ಕೆಲಸ ಮಾಡುವ ರೀತಿ ಸುಲಭ. ಬಲ್ಬು ಒತ್ತಿ ಬಾಟಲಿಗೆ ಸ್ವಲ್ಪ ಗಾಳಿ ತುಂಬಬೇಕು. ಬಿಸಿ ಇಳಿಯುವವರೆಗೆ ಕಾದು ಮ್ಯಾನೋಮೀಟರಿನಲ್ಲಿ ನೀರಿನ ಎತ್ತರದ ವ್ಯತ್ಯಾಸ ಓದಬೇಕು. ಇದು ಮೊದಲ ಎತ್ತರ. ಆಮೇಲೆ ಸ್ಟಾಪ್‌ಕಾಕ್ ಥಟ್ ಅಂತ ತೆಗೆದು ಥಟ್ ಅಂತ ಮುಚ್ಚಬೇಕು. ಆ ಕ್ಷಣದಲ್ಲಿ ಗಾಳಿ ಹಿಗ್ಗಿ ಹೊರಗೆ ನುಗ್ಗುತ್ತದೆ, ಒಳಗೆ ಉಳಿದ ಗಾಳಿ ತಣ್ಣಗಾಗುತ್ತದೆ, ಒತ್ತಡ ಹೊರಗಿನಷ್ಟೇ ಆಗುತ್ತದೆ. ಮುಚ್ಚಿದ ಮೇಲೆ ಒಳಗಿನ ಗಾಳಿ ನಿಧಾನಕ್ಕೆ ಕೋಣೆಯ ಬಿಸಿಗೆ ಬರುತ್ತಾ ಬರುತ್ತಾ ಒತ್ತಡ ಮತ್ತೆ ಏರುತ್ತದೆ. ಅದು ನಿಂತಾಗ ಓದಿದ್ದು ಎರಡನೇ ಎತ್ತರ. ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ, ಬಂದದ್ದರಿಂದ ಮೊದಲನೆಯದನ್ನು ಭಾಗಿಸಿ, ಅದೇ ಗಾಮಾ. ಮೊದಲು 10 ಸೆಂ.ಮೀ. ಇದ್ದರೆ ಆಮೇಲೆ 2.86 ಬರಬೇಕು. 10 ಭಾಗಿಸು 7.14, ಅಂದರೆ 1.40. ಸರಿಯಾದ ಲೆಕ್ಕಕ್ಕೆ ಲಾಗರಿದಮ್ ಬೇಕು. ಆದರೆ ವಾತಾವರಣದ ಒತ್ತಡ ಸುಮಾರು 10 ಮೀಟರ್ ನೀರಿನಷ್ಟು, ನಾವು ಏರಿಸುವುದು 10 ಸೆಂ.ಮೀ., ಶೇಕಡಾ ಒಂದರಷ್ಟೂ ಇಲ್ಲ. ಹಾಗಾಗಿ ಈ ಸುಲಭದ ಸೂತ್ರ ಸಾಕು.

ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಏನು ಗೊತ್ತಾ? ಬಾಟಲಿಯ ಗಾತ್ರ ಬೇಡ, ನೀರಿನ ಸಾಂದ್ರತೆ ಬೇಡ, ಥರ್ಮಾಮೀಟರ್ ಕೂಡ ಬೇಡ. ಎಲ್ಲಾ ಭಾಗಾಕಾರದಲ್ಲಿ ಹೊಡೆದುಹೋಗುತ್ತವೆ. ಬರೀ ಒಂದು ಸ್ಕೇಲು. ನಮಗೆ ಬಂದ ಮ್ಯಾನೋಮೀಟರಿನಲ್ಲಿ ಒಂದೇ ಕಾಲಿಗೆ ಸ್ಕೇಲ್ ಅಂಟಿಸಿದ್ದರು. ಸಹೋದ್ಯೋಗಿಯೊಬ್ಬರು ಅದಕ್ಕೇ ಸಿಟ್ಟಾಗಿ ವಾಪಸ್ ಕಳಿಸೋಣ ಅಂದರು. ಆದರೆ ಎರಡೂ ಕಾಲಿನ ಒಳವ್ಯಾಸ ಒಂದೇ ಇದ್ದು ಸೊನ್ನೆ ಸರಿಯಾಗಿ ಕೂತಿದ್ದರೆ ಒಂದು ಕಾಲಿನ ಏರಿಕೆ ಸಾಕು, ಎರಡೂ ಓದಿನಲ್ಲಿ ಅರ್ಧ ಅರ್ಧ ಬಂದು ಉತ್ತರ ಅದೇ ಆಗುತ್ತದೆ. ಇದನ್ನು ವೈವಾದಲ್ಲಿ ಕೇಳಿ ನೋಡಿ, ಮಜಾ ಇರುತ್ತದೆ.

ಸರಿ, ಉತ್ತರ ಎಷ್ಟು ಬಂತು? 1.28. ಇನ್ನೊಂದು ಸಲ 1.31. ಇನ್ನೊಬ್ಬರ ಕೈಯಲ್ಲಿ 1.25. ಎಲ್ಲರದ್ದೂ ಕೆಳಗೆ, ಒಬ್ಬರದ್ದೂ 1.4ರ ಮೇಲೆ ಇಲ್ಲ. ಓದುವಾಗಿನ ತಪ್ಪು ಆಗಿದ್ದರೆ ಕೆಲವು ಮೇಲೆ ಕೆಲವು ಕೆಳಗೆ ಬರಬೇಕಿತ್ತು. ಎಲ್ಲವೂ ಒಂದೇ ಕಡೆಗೆ ವಾಲಿದರೆ ದೋಷ ಸಾಧನದ್ದು.

ಡೀಲರಿಗೆ ಫೋನ್ ಮಾಡಿದೆ. "ಮೇಡಂ, ಎಲ್ಲಾ ಕಾಲೇಜಿಗೂ ಇದೇ ಪೀಸ್ ಹೋಗೋದು, ಇಷ್ಟು ವರ್ಷದಲ್ಲಿ ಯಾರೂ ಕಂಪ್ಲೇಂಟ್ ಮಾಡಿಲ್ಲ" ಅಂದರು. ಖಂಡಿತ ಮಾಡಿರುವುದಿಲ್ಲ. ಎಲ್ಲರೂ ರೆಕಾರ್ಡ್ ಬುಕ್ಕಿನಲ್ಲಿ 1.4 ಅಂತ ಬರೆದು ಸಹಿ ಹಾಕಿಸಿಕೊಂಡು ಮನೆಗೆ ಹೋಗಿರುತ್ತಾರೆ. ಸೆಟ್ಟಿನ ಜೊತೆ ಬಂದ ಕೈಪಿಡಿಯಲ್ಲೂ ಮಾದರಿ ಓದುಗಳನ್ನು ಅಚ್ಚು ಹಾಕಿ ಕೊನೆಗೆ 1.40 ಅಂತ ಕೊಟ್ಟಿದ್ದಾರೆ. ಆ ಸ್ಟಾಪ್‌ಕಾಕ್ ಇಟ್ಟುಕೊಂಡು ಆ ಉತ್ತರ ಹೇಗೆ ಬಂತು ಅಂತ ನನಗಂತೂ ಕುತೂಹಲ.

ಸಮಸ್ಯೆ ಅಲ್ಲೇ ಇರುವುದು. ಸ್ಟಾಪ್‌ಕಾಕಿನ ತೂತು ನೋಡಿದರೆ 3 ಮಿ.ಮೀ. ಇದೆ. ಲೆಕ್ಕ ಹಾಕಿ. 10 ಸೆಂ.ಮೀ. ನೀರಿನಷ್ಟು ಒತ್ತಡ ಇದ್ದಾಗ 20 ಲೀಟರ್ ಬಾಟಲಿಯಿಂದ ಸುಮಾರು 140 ಮಿ.ಲೀ. ಗಾಳಿ ಹೊರಗೆ ಹೋಗಬೇಕು. ಅಷ್ಟು ಸಣ್ಣ ತೂತಿನಲ್ಲಿ ಅದು ಸುರುಸುರು ಅಂತ ಹೋಗಲು ಹತ್ತಿರ ಹತ್ತಿರ ಎರಡು ಸೆಕೆಂಡ್ ಹಿಡಿಯುತ್ತದೆ. ಎರಡು ಸೆಕೆಂಡ್ ಅಂದರೆ ಏನು ಮಹಾ ಅನ್ನಬೇಡಿ. ಅಷ್ಟರಲ್ಲಿ ತಣ್ಣಗಾಗುತ್ತಿರುವ ಗಾಳಿಗೆ ಗಾಜಿನ ಗೋಡೆ ಶಾಖ ಕೊಡಲು ಶುರು ಮಾಡಿರುತ್ತದೆ, ಆ ಶಾಖಕ್ಕೆ ಇನ್ನಷ್ಟು ಗಾಳಿ ಹಿಗ್ಗಿ ಹೊರಗೆ ಹೋಗಿರುತ್ತದೆ, ಆಮೇಲೆ ಮುಚ್ಚಿದಾಗ ಮತ್ತೆ ಒತ್ತಡ ಏರಲು ಬೇಕಾದ ತಂಪೇ ಕಡಿಮೆ ಉಳಿದಿರುತ್ತದೆ. ಎರಡನೇ ಎತ್ತರ 2.86ರ ಬದಲು 2.3 ಆಗುತ್ತದೆ. ಗಾಮಾ 1.30ಕ್ಕೆ ಬೀಳುತ್ತದೆ. ನಮಗೆ ಆಗಿದ್ದೂ ಅದೇ.

ಅಷ್ಟಕ್ಕೂ ಆ ತಂಪು ಎಷ್ಟು? ಶೇಕಡಾ ಒಂದರ ಒತ್ತಡಕ್ಕೆ ಮುಕ್ಕಾಲು ಡಿಗ್ರಿಗೆ ತುಸು ಮೇಲೆ, ಸುಮಾರು 0.8 ಡಿಗ್ರಿ. ಅಷ್ಟೇ! ಅದನ್ನೇ ನಂಬಿಕೊಂಡು ಇಡೀ ಪ್ರಯೋಗ ನಿಂತಿದೆ. "ಹಾಗಾದರೆ ಒಂದು ಥರ್ಮಾಮೀಟರ್ ಇಳಿಬಿಟ್ಟು ನೋಡಬಾರದಾ ಮೇಡಂ?" ಅಂತ ಪ್ರತಿ ಬ್ಯಾಚಿನಲ್ಲೂ ಒಬ್ಬರು ಕೇಳುತ್ತಾರೆ. ಪಾದರಸದ ಥರ್ಮಾಮೀಟರ್ ಎಚ್ಚೆತ್ತುಕೊಳ್ಳುವಷ್ಟರಲ್ಲಿ ಗಾಳಿ ಮತ್ತೆ ಬಿಸಿಯಾಗಿರುತ್ತದೆ. 1898ರಲ್ಲಿ ಜರ್ಮನಿಯ ಲುಮ್ಮರ್ ಮತ್ತು ಪ್ರಿಂಗ್ಸ್‌ಹೈಮ್ ಇದನ್ನು ನೇರವಾಗಿ ಅಳೆದರು, ಆದರೆ ಅದಕ್ಕೆ ಅವರು ಬಳಸಿದ್ದು ಕೂದಲಿಗಿಂತ ತೆಳುವಾದ ಲೋಹದ ಬೊಲೋಮೀಟರ್, ಅಂದರೆ ಬಿಸಿ ಬದಲಾದ ಕೂಡಲೇ ವಿದ್ಯುತ್ ರೋಧ ಬದಲಾಗುವ ಪಟ್ಟಿ. ನಮ್ಮ ಬಜೆಟ್ಟಿಗೆ ಆಗುವ ಮಾತಲ್ಲ.

ಈಗ ಆ ಮರದ ಪೆಟ್ಟಿಗೆಗೆ ಬರುತ್ತೇನೆ. ಕೈಪಿಡಿಯಲ್ಲಿ ದೊಡ್ಡದಾಗಿ ಬರೆದಿದ್ದಾರೆ, ಹತ್ತಿ ತುಂಬಿದ ಮರದ ಪೆಟ್ಟಿಗೆ ಇರುವುದರಿಂದಲೇ ಪ್ರಕ್ರಿಯೆ ಪೂರ್ತಿ ಅಡಿಯಾಬ್ಯಾಟಿಕ್ ಆಗುತ್ತದಂತೆ. ಇಲ್ಲ ಸ್ವಾಮಿ. 20 ಲೀಟರ್ ಗಾಳಿಯ ತೂಕ ಎಷ್ಟು? ಸುಮಾರು 24 ಗ್ರಾಂ. ಅದನ್ನು ಒಂದು ಡಿಗ್ರಿ ಬಿಸಿ ಮಾಡಲು 17 ಜೂಲ್ ಸಾಕು. ಸುತ್ತ ಇರುವ ಗಾಜು ಕಿಲೋಗಟ್ಟಲೆ ತೂಗುತ್ತದೆ, ಅದು ಒಂದು ಡಿಗ್ರಿ ಇಳಿದರೆ ಸಾವಿರಾರು ಜೂಲ್ ಕೊಡುತ್ತದೆ. ಅಂದರೆ ಗಾಳಿಗೆ ಶಾಖ ಬರುವುದು ಗಾಜಿನಿಂದ, ಗಾಜು ಇರುವುದು ಹತ್ತಿಯ ಒಳಗಡೆ. ಹೊರಗೆ ನೀವು ಹತ್ತಿ ತುಂಬಿ, ಕಂಬಳಿ ಹೊದಿಸಿ, ಏನೇ ಮಾಡಿ, ಒಳಗಿನ ಗಾಳಿಗೆ ಅದು ಗೊತ್ತೇ ಆಗುವುದಿಲ್ಲ. ಇಲ್ಲಿ ಅಡಿಯಾಬ್ಯಾಟಿಕ್ ಆಗುವುದು ಹತ್ತಿಯಿಂದಲ್ಲ, ಬೇಗ ಆಗುವುದರಿಂದ. ಜೊತೆಗೆ ಎರಡನೇ ಭಾಗದಲ್ಲಿ ಗಾಳಿ ಮತ್ತೆ ಬಿಸಿಯಾಗಲೇಬೇಕಲ್ಲ, ಅದಕ್ಕೆ ಗಾಜಿನಿಂದ ಶಾಖ ಬರಲೇಬೇಕು. ಪೆಟ್ಟಿಗೆಯಿಂದ ಪ್ರಯೋಜನವೇ ಇಲ್ಲ ಅಂತಲ್ಲ. ಫ್ಯಾನಿನ ಗಾಳಿ, ಕಿಟಕಿಯ ಬಿಸಿಲು, ಸುತ್ತ ನಿಂತ ಹುಡುಗರ ಕೈ, ಇವು ತಾಗದ ಹಾಗೆ ಕಾಯುತ್ತದೆ. ಒಡೆಯದ ಹಾಗೂ ನೋಡಿಕೊಳ್ಳುತ್ತದೆ. ಅದಕ್ಕೆ ಒಂದು ಸಾದಾ ಪ್ಲೈವುಡ್ ಡಬ್ಬ ಸಾಕಿತ್ತು. ಪೆಟ್ಟಿಗೆಗೆ ಪಾಲಿಶ್ ಹೊಡೆದು 3 ಮಿ.ಮೀ. ವಾಲ್ವ್ ಹಾಕುವುದು ಅಂದರೆ ಮದುವೆ ಮಂಟಪಕ್ಕೆ ಲಕ್ಷ ಸುರಿದು ಸಾರಿಗೆ ಉಪ್ಪು ಹಾಕದೆ ಬಡಿಸಿದ ಹಾಗೆ.

ಪರಿಹಾರ ನಮ್ಮ ಅಟೆಂಡರಿಗೆ ಹೊಳೆಯಿತು. "ಮೇಡಂ, ಇದಕ್ಕೆ ನಲ್ಲಿ ಅಂಗಡಿಯ ಬಾಲ್ ವಾಲ್ವ್ ಹಾಕಿದರೆ ಆಗಲ್ವಾ?" ಅಂದರು. ಯಾಕಾಗಲ್ಲ! ಹಾರ್ಡ್‌ವೇರ್ ಅಂಗಡಿಯಿಂದ ಮುಕ್ಕಾಲು ಇಂಚಿನ ಹಿತ್ತಾಳೆ ಬಾಲ್ ವಾಲ್ವ್ ತಂದು, ಕಾರ್ಕಿನ ತೂತು ದೊಡ್ಡದು ಮಾಡಿ, ಒಂದು ಗಿಡ್ಡ ಪೈಪ್ ತುಂಡಿನ ಮೇಲೆ ಕೂರಿಸಿದೆವು. ಕಾಲು ಸುತ್ತು ತಿರುವಿದರೆ ಪೂರ್ತಿ ತೆರೆಯುತ್ತದೆ, ಮತ್ತೆ ಕಾಲು ಸುತ್ತು ತಿರುವಿದರೆ ಮುಚ್ಚುತ್ತದೆ. ಗಾಳಿ ಪುಸ್ ಅಂತ ಒಂದೇ ಉಸಿರಿಗೆ ಹೋಗುತ್ತದೆ. ಆ ಸದ್ದು ನಿಂತ ಕೂಡಲೇ ಮುಚ್ಚಬೇಕು, ಅಷ್ಟೇ ನಿಯಮ. ಉತ್ತರ 1.37, 1.39, 1.36 ಹೀಗೆ ಬರಲು ಶುರುವಾಯಿತು. ಖರ್ಚು ಕೆಲವು ನೂರು ರೂಪಾಯಿ. ಇದನ್ನು ಕಂಪನಿಯವರು ಹಾಕಿದ್ದರೆ ಸೆಟ್ಟಿನ ಬೆಲೆ ಹೆಚ್ಚೇನೂ ಏರುತ್ತಿರಲಿಲ್ಲ. ಇನ್ನೂ ಅವಸರ ಮಾಡಿ ಒತ್ತಡ ಪೂರ್ತಿ ಇಳಿಯುವ ಮೊದಲೇ ಮುಚ್ಚುವ ಹುಡುಗರೂ ಇದ್ದಾರೆ. ಅವರಿಗೆ 1.5 ಬರುತ್ತದೆ. ಅಲ್ಲಿಗೆ ದೋಷ ಎರಡೂ ಕಡೆಗೆ ಹಂಚಿಹೋಯಿತು, ಅದು ಒಳ್ಳೆಯದೇ.

1.40 ಬರಲಿಲ್ಲ ಅಂತ ಕೊರಗಬೇಡಿ. ಈ ಪ್ರಯೋಗ ಮೊದಲು ಮಾಡಿದ ಫ್ರಾನ್ಸಿನ ನಿಕೋಲಾ ಕ್ಲೆಮೆಂಟ್ ಮತ್ತು ಚಾರ್ಲ್ಸ್ ಡೆಸಾರ್ಮ್ಸ್ ಅವರಿಗೇ ಸಿಕ್ಕಿದ್ದು 1.35ರ ಆಸುಪಾಸು. ಇವರಿಬ್ಬರು ಅಳಿಯ-ಮಾವ. ಕೈಪಿಡಿಯಲ್ಲಿ ಇಬ್ಬರನ್ನೂ ಸೇರಿಸಿ ಒಬ್ಬರೇ ವಿಜ್ಞಾನಿ ಅನ್ನುವ ಹಾಗೆ ಬರೆದಿದ್ದಾರೆ, ಅದು ಬೇರೆ ವಿಷಯ. ಅನಿಲಗಳ ಉಷ್ಣದ ಬಗ್ಗೆ ಪ್ಯಾರಿಸ್ಸಿನ ವಿಜ್ಞಾನ ಸಂಸ್ಥೆ ಇಟ್ಟ ಬಹುಮಾನಕ್ಕೆ ಇವರು ಕೆಲಸ ಮಾಡಿ ಕಳಿಸಿದ್ದರು. ಬಹುಮಾನ ಡೆಲಾರೋಶ್ ಮತ್ತು ಬೆರಾರ್ ಅನ್ನುವವರಿಗೆ ಹೋಯಿತು. ಇವರದ್ದು ಅಚ್ಚಾಗಿದ್ದು 1819ರಲ್ಲಿ. ಇನ್ನೊಂದು ವಿಷಯ, ಅವರು ನಮ್ಮ ಹಾಗೆ ಗಾಳಿ ತುಂಬಲಿಲ್ಲ. ಬಾಟಲಿಯಿಂದ ಸ್ವಲ್ಪ ಗಾಳಿ ಹೊರಗೆ ಎಳೆದು, ಆಮೇಲೆ ಒಂದು ಕ್ಷಣ ತೆರೆದು ಒಳಗೆ ಬಿಟ್ಟರು. ಗಾಳಿ ತುಂಬುವ ದಾರಿ ಆಮೇಲೆ ಗೇ-ಲುಸಾಕ್ ಮತ್ತು ವೆಲ್ಟರ್ ಹಿಡಿದದ್ದು. ಬಹುಮಾನ ತಪ್ಪಿದ ಪ್ರಯೋಗವನ್ನು ಇನ್ನೂರು ವರ್ಷ ಆದ ಮೇಲೂ ನಮ್ಮ ಹುಡುಗರು ಮಾಡುತ್ತಿದ್ದಾರೆ!

ಉಳಿದ ಭಾಗಗಳ ಬಗ್ಗೆ. ರಬ್ಬರ್ ಬಲ್ಬಿನ ಒಳಗಿನ ವಾಲ್ವ್ ಸೋರುತ್ತಿತ್ತು. ಬಲ್ಬಿಗೂ ಬಾಟಲಿಗೂ ಮಧ್ಯೆ ಕೊಳವೆ ಅಮುಕಿ ಮುಚ್ಚುವ ಒಂದು ಪಿಂಚ್‌ಕಾಕ್ ಹಾಕಿದೆವು, ಸರಿಹೋಯಿತು. ಕಾರ್ಕ್ ಸುತ್ತ ವ್ಯಾಸಲೀನ್ ಹಚ್ಚಿ. ಗಾಳಿ ತುಂಬಿದ ಕೂಡಲೇ ಮ್ಯಾನೋಮೀಟರಿನ ಮಟ್ಟ ಇಳಿಯುತ್ತದೆ, ಹುಡುಗರು "ಮೇಡಂ ಲೀಕ್" ಅಂತ ಕೂಗುತ್ತಾರೆ. ಪ್ರತಿ ಸಲವೂ ಲೀಕ್ ಇರುವುದಿಲ್ಲ. ಒತ್ತಿದ ಗಾಳಿ ಬಿಸಿಯಾಗಿರುತ್ತದೆ, ತಣ್ಣಗಾಗುತ್ತಾ ಒತ್ತಡ ಇಳಿಯುತ್ತದೆ, ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಇಳಿದು ನಿಂತರೆ ಅದು ಬಿಸಿಯ ಆಟ. ನಿಲ್ಲದೆ ಇಳಿಯುತ್ತಲೇ ಇದ್ದರೆ ಲೀಕ್. ಇದನ್ನು ಕಾದು ನೋಡುವ ತಾಳ್ಮೆ ಇಲ್ಲದವರಿಗೆ ಈ ಸಾಧನ ಬೇಡ.

ಗಾಳಿ ತುಂಬುವಾಗ ಜಿಪುಣತನ ಬೇಡ. ಮೊದಲ ಎತ್ತರ 10 ಸೆಂ.ಮೀ. ಇದ್ದಾಗ ಎರಡನೆಯದನ್ನು ಓದುವುದರಲ್ಲಿ 2 ಮಿ.ಮೀ. ಆಚೀಚೆ ಆದರೆ ಗಾಮಾ 0.04ರಷ್ಟು ಅಲ್ಲಾಡುತ್ತದೆ. 5 ಸೆಂ.ಮೀ. ಮಾತ್ರ ತುಂಬಿದ್ದರೆ ಅದೇ 2 ಮಿ.ಮೀ.ಗೆ ಇದರ ಎರಡರಷ್ಟು ಅಲ್ಲಾಡುತ್ತದೆ. ಇನ್ನು ಡೀಲರ್ ಅಗ್ಗಕ್ಕೆ ಅಂತ 3 ಲೀಟರಿನ ಸಣ್ಣ ಬಾಟಲಿ ತೋರಿಸಿದರೆ ಬೇಡ ಅನ್ನಿ. ಮ್ಯಾನೋಮೀಟರಿನ ನೀರು ಸರಿದಾಗ ಒಂದೆರಡು ಮಿ.ಲೀ. ಜಾಗ ಬದಲಾಗುತ್ತದಲ್ಲ, 20 ಲೀಟರಿನಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ, 3 ಲೀಟರಿನಲ್ಲಿ ಎರಡನೇ ಎತ್ತರದಲ್ಲೇ ಶೇಕಡಾ ಐದರ ಹತ್ತಿರ ತಪ್ಪು ತರುತ್ತದೆ. ಜೊತೆಗೆ ಸಣ್ಣ ಬಾಟಲಿಯಲ್ಲಿ ಗಾಳಿಗೆ ಗೋಡೆ ಹತ್ತಿರ, ಬೇಗ ಬಿಸಿಯಾಗುತ್ತದೆ.

ಕರಾವಳಿಯವರಿಗೆ ಇನ್ನೊಂದು ತಲೆನೋವು ಇದೆ, ತೇವ. ಜುಲೈ ತಿಂಗಳಲ್ಲಿ ನಮ್ಮ ಲ್ಯಾಬಿನ ಗಾಳಿ ಹಿಂಡಿದರೆ ನೀರು ಬರುತ್ತದೆ. ನೀರಾವಿಯ ಗಾಮಾ 1.33, ಆದರೆ ಗಾಳಿಯಲ್ಲಿ ಅದು ಇರುವುದು ಸ್ವಲ್ಪ, ಬರೀ ಬೆರೆತಿದ್ದಕ್ಕೆ ಉತ್ತರ ಅಷ್ಟೇನೂ ಕೆಡುವುದಿಲ್ಲ. ಬಾಟಲಿ ಒಳಗೆ ಪಸೆ ಇದ್ದರೆ ಕಷ್ಟ. ಗಾಳಿ ಹಿಗ್ಗಿ ತಣ್ಣಗಾದಾಗ ಆವಿ ಕಣ್ಣಿಗೆ ಕಾಣದಷ್ಟು ಹನಿಯಾಗುತ್ತದೆ, ಹನಿಯಾಗುವಾಗ ಶಾಖ ಬಿಡುತ್ತದೆ, ತಂಪು ಕಡಿಮೆಯಾಗುತ್ತದೆ, ಗಾಮಾ ಮತ್ತೆ ಕೆಳಗೆ. ಬಲ್ಬಿನ ಬಾಯಿಗೆ ಸಿಲಿಕಾ ಜೆಲ್ ತುಂಬಿದ ಕೊಳವೆ ಸಿಕ್ಕಿಸಿ, ಅದರ ಮೂಲಕ ಗಾಳಿ ತುಂಬಿ. ಸೆಟ್ಟಿನ ಜೊತೆ ಇದು ಬರುವುದಿಲ್ಲ, ಬರಬೇಕಿತ್ತು. ಅಂದ ಹಾಗೆ ಆಗುಂಬೆಯ ಮಳೆಯೂ ಇದೇ ಕತೆ. ಕಡಲ ಗಾಳಿ ಘಟ್ಟ ಹತ್ತುವಾಗ ಒತ್ತಡ ಇಳಿದು ಹಿಗ್ಗುತ್ತದೆ. ಒಣ ಗಾಳಿಯಾದರೆ ಕಿಲೋಮೀಟರಿಗೆ 9.8 ಡಿಗ್ರಿ ತಣ್ಣಗಾಗುತ್ತದೆ, ಮೋಡ ಕಟ್ಟಲು ಶುರುವಾದರೆ ಹನಿಯಾಗುವ ನೀರು ಬಿಡುವ ಶಾಖದಿಂದ ಅಷ್ಟು ತಣ್ಣಗಾಗುವುದಿಲ್ಲ. ಮಳೆಗಾಲದಲ್ಲಿ ಹುಡುಗರಿಗೆ ಕಿಟಕಿ ತೋರಿಸಿ ಪಾಠ ಮಾಡಬಹುದು, ಬೋರ್ಡ್ ಬೇಡ.

ರಿಪೇರಿ ಆದ ಮೇಲೆ ಈ ಸೆಟ್ ಏನು ಮಾಡಬಲ್ಲದು ಅಂತ ನೋಡಲು ಒಂದು ಆಟ ಆಡಿದೆವು. ಇಂಡಸ್ಟ್ರಿಯಲ್ ಏರಿಯಾದ ವೆಲ್ಡಿಂಗ್ ಶಾಪಿನಲ್ಲಿ ಆರ್ಗಾನ್ ಸಿಲಿಂಡರ್ ಇರುತ್ತದೆ. ಅವರನ್ನು ಕೇಳಿ ದೊಡ್ಡ ರಬ್ಬರ್ ಬ್ಲಾಡರಿಗೆ ತುಂಬಿಸಿಕೊಂಡು ಬಂದು ಬಾಟಲಿಗೆ ಬಿಟ್ಟೆವು, ಒಳಗಿನ ಗಾಳಿ ಆದಷ್ಟು ಹೊರಗೆ ಹೋಗುವ ಹಾಗೆ. ಆರ್ಗಾನ್ ಒಂಟಿ ಪರಮಾಣು. ಅದಕ್ಕೆ ಮೂರು ದಿಕ್ಕಿಗೆ ಓಡುವುದು ಬಿಟ್ಟರೆ ಶಾಖ ಬಚ್ಚಿಡಲು ಬೇರೆ ಜಾಗವಿಲ್ಲ. ಹಾಗಾಗಿ ಗಾಮಾ 5 ಭಾಗಿಸು 3, ಅಂದರೆ 1.67. ಗಾಳಿಯ ನೈಟ್ರೋಜನ್, ಆಕ್ಸಿಜನ್ ಜೋಡಿ ಪರಮಾಣುಗಳು, ಅವು ಎರಡು ರೀತಿಯಲ್ಲಿ ತಿರುಗಲೂ ಬಲ್ಲವು, ಅದಕ್ಕೇ 7 ಭಾಗಿಸು 5. ಲೆಕ್ಕದ ಪ್ರಕಾರ ಮೊದಲ ಎತ್ತರ 10 ಇದ್ದರೆ ಆರ್ಗಾನಿಗೆ ಎರಡನೆಯದು 4.0 ಬರಬೇಕು. ನಮಗೆ 3.6ರ ಹತ್ತಿರ ಬಂತು, ಒಳಗೆ ಹಳೇ ಗಾಳಿ ಉಳಿದುಕೊಂಡಿತ್ತು. ಆದರೂ 2.8ಕ್ಕೂ 3.6ಕ್ಕೂ ಇರುವ ಅಂತರ ಬರಿಗಣ್ಣಿಗೇ ಕಾಣಿಸುತ್ತದೆ! ಅಣುವಿನಲ್ಲಿ ಎಷ್ಟು ಪರಮಾಣು ಇವೆ ಅನ್ನುವುದನ್ನು ಒಂದು ಬಾಟಲಿ, ಒಂದು ಸ್ಕೇಲ್, ಬಣ್ಣ ಹಾಕಿದ ನೀರು ಹೇಳುತ್ತಿದೆ. ನನಗೆ ಈ ಸೆಟ್ಟಿನ ಮೇಲಿದ್ದ ಅರ್ಧ ಸಿಟ್ಟು ಅಲ್ಲೇ ಇಳಿಯಿತು. ಕಾರ್ಬನ್ ಡೈಆಕ್ಸೈಡ್ ಆದರೆ ಗಾಮಾ ಸುಮಾರು 1.30, ಎರಡನೇ ಎತ್ತರ 2.3. ಯಾವುದೇ ಆದರೂ ಕಿಟಕಿ ತೆರೆದಿಟ್ಟೇ ಮಾಡಿ, ಮುಚ್ಚಿದ ಕೋಣೆಯಲ್ಲಿ ಈ ಅನಿಲಗಳು ಅಪಾಯ.

ಬರೀ ಸಂಖ್ಯೆ ಬೇಕು ಅನ್ನುವವರಿಗೆ ಒಂದು ಗುಟ್ಟು: ಈ ಸೆಟ್ ಬೇಕಾಗಿಯೇ ಇಲ್ಲ. ನಿಮ್ಮ ಲ್ಯಾಬಿನಲ್ಲಿ ರೆಸೊನೆನ್ಸ್ ಕಾಲಂ, ಅಂದರೆ ಒಳಗಿನ ಗಾಳಿಯ ಉದ್ದ ಬದಲಿಸಿ ಶಬ್ದ ಜೋರಾಗುವ ಜಾಗ ಹುಡುಕುವ ಕೊಳವೆ, ಇದ್ದೇ ಇರುತ್ತದೆ. 512 ಹರ್ಟ್ಸ್ ಟ್ಯೂನಿಂಗ್ ಫೋರ್ಕ್ ಹಿಡಿದರೆ ಮೊದಲ ಮತ್ತು ಎರಡನೇ ರೆಸೊನೆನ್ಸ್ ಮಧ್ಯೆ ಸುಮಾರು 33.9 ಸೆಂ.ಮೀ. ಬರುತ್ತದೆ, ಅದರಿಂದ ಶಬ್ದದ ವೇಗ 347. ಕೋಣೆ 27 ಡಿಗ್ರಿ ಇದ್ದರೆ ಗಾಮಾ ಸರಿಯಾಗಿ 1.40 ಕೊಡುತ್ತದೆ. ಬಾಟಲಿಗಿಂತ ಎಷ್ಟೋ ನಂಬಿಕಸ್ಥ. ನಾವು ಈಗ ಎರಡನ್ನೂ ಅಕ್ಕಪಕ್ಕ ಇಟ್ಟು ಮಾಡಿಸುತ್ತೇವೆ. ಎರಡು ಉತ್ತರ ಯಾಕೆ ಬೇರೆ ಬಂತು ಅಂತ ಜಗಳ ಆಡುವಾಗ ಹುಡುಗರು ಕಲಿಯುವಷ್ಟು ನನ್ನ ಲೆಕ್ಚರಿನಲ್ಲಿ ಕಲಿತಿಲ್ಲ.

ಅದೇ ಆರ್ಡರಿನಲ್ಲಿ ಒಂದು ಫೈರ್ ಸಿರಿಂಜ್ ಕೂಡ ಬಂದಿತ್ತು. ಇದಕ್ಕೆ 5ಕ್ಕೆ 5, ಯೋಚನೆಯೇ ಇಲ್ಲ. ಬೆರಳು ಗಾತ್ರದ ದಪ್ಪ ಅಕ್ರಿಲಿಕ್ ಕೊಳವೆ, ಬುಡ ಮುಚ್ಚಿದೆ, ಮೇಲಿಂದ ಓ-ರಿಂಗ್ ಹಾಕಿದ ಪಿಸ್ಟನ್. ಬುಡದಲ್ಲಿ ಚಿಟಿಕೆ ಹತ್ತಿ ಹಾಕಿ ಪಿಸ್ಟನ್ ಜೋರಾಗಿ ಒಂದೇಟಿಗೆ ಒತ್ತಿದರೆ ಭಗ್ ಅಂತ ಹತ್ತಿ ಹೊತ್ತಿಕೊಳ್ಳುತ್ತದೆ. ಗಾಳಿಯನ್ನು 20ರಲ್ಲಿ ಒಂದು ಪಾಲಿಗೆ ಕುಗ್ಗಿಸಿದರೆ ಲೆಕ್ಕದ ಪ್ರಕಾರ 27 ಡಿಗ್ರಿಯಿಂದ 720 ಡಿಗ್ರಿಗೆ ಏರಬೇಕು, ಒತ್ತಡ 66 ಪಟ್ಟು. ಸೋರಿಕೆ, ಗೋಡೆಗೆ ಹೋಗುವ ಶಾಖ ಎಲ್ಲಾ ಕಳೆದು ನಿಜವಾಗಿ ಇದಕ್ಕಿಂತ ಕಡಿಮೆ, ಆದರೂ ಹತ್ತಿಗೆ ಸಾಕು. ಆಗ್ನೇಯ ಏಷ್ಯಾದ ಜನ ಬಿದಿರು, ಕೊಂಬಿನ ಕೊಳವೆಗಳಲ್ಲಿ ಇದೇ ರೀತಿ ಬೆಂಕಿ ಮಾಡುತ್ತಿದ್ದರು. ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಬೇಡದಿರುವುದೂ ಇದಕ್ಕೇ.

ಮಜಾ ಇರುವುದು ಮುಂದಿನ ಹಂತದಲ್ಲಿ. ಅದೇ ಪಿಸ್ಟನ್ನನ್ನು ಅಷ್ಟೇ ದೂರ ನಿಧಾನಕ್ಕೆ ಒತ್ತಿ. ಏನೂ ಆಗುವುದಿಲ್ಲ. ಕೊಳವೆ ಅದೇ, ಹತ್ತಿ ಅದೇ, ಕುಗ್ಗಿದ್ದೂ ಅಷ್ಟೇ, ಬೆಂಕಿ ಮಾತ್ರ ಇಲ್ಲ. ನಿಧಾನಕ್ಕೆ ಒತ್ತಿದಾಗ ಶಾಖ ಗೋಡೆಗೆ ಹೋಗಲು ಸಮಯ ಸಿಕ್ಕಿತು, ಅದು ಐಸೋಥರ್ಮಲ್ ಕಡೆಗೆ, ಅಂದರೆ ಬಿಸಿ ಬದಲಾಗದ ಕಡೆಗೆ, ವಾಲಿತು. ಹತ್ತಿ, ಕಂಬಳಿ, ಪಾಲಿಶ್ ಹೊಡೆದ ಪೆಟ್ಟಿಗೆ ಯಾವುದೂ ಇಲ್ಲದೆ ಬರೀ ವೇಗದಿಂದಲೇ ಅಡಿಯಾಬ್ಯಾಟಿಕ್ ಆಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಈ ಪುಟ್ಟ ಸಿರಿಂಜ್ ಮಾಡಿದವರು ದೊಡ್ಡ ಸೆಟ್ಟಿನ ಕೈಪಿಡಿ ಬರೆದಿದ್ದರೆ ಚೆನ್ನಾಗಿತ್ತು. ಎಚ್ಚರಿಕೆ ಏನೆಂದರೆ ಕನ್ನಡಕ ಹಾಕಿಕೊಂಡೇ ಮಾಡಿ, ಅಕ್ರಿಲಿಕ್ ಸೀಳುವ ಸಾಧ್ಯತೆ ಇದೆ. ಓ-ರಿಂಗಿಗೆ ಸಿಲಿಕೋನ್ ಗ್ರೀಸ್ ಹಚ್ಚಿ. ಒಮ್ಮೆ ಹೊತ್ತಿದ ಮೇಲೆ ಕೊಳವೆಯ ಗಾಳಿ ಬದಲಿಸದೆ ಮತ್ತೆ ಒತ್ತಿದರೆ ಹೊತ್ತುವುದಿಲ್ಲ, ಆಕ್ಸಿಜನ್ ಮುಗಿದಿರುತ್ತದೆ. ಹುಡುಗರು "ಕೆಟ್ಟುಹೋಯ್ತು" ಅಂತ ತಂದುಕೊಡುವ ಸಿರಿಂಜ್‌ಗಳಲ್ಲಿ ಹೆಚ್ಚಿನವು ಕೆಟ್ಟಿರುವುದಿಲ್ಲ.

ಸರಿ, ತಗೊಳ್ಳಬೇಕಾ ಬೇಡವಾ? ಬೆಲೆ ಟ್ಯಾಕ್ಸ್ ಸೇರಿ ಹತ್ತು ಸಾವಿರಕ್ಕೆ ಸ್ವಲ್ಪ ಕಡಿಮೆ ಬಿತ್ತು. ಪ್ರೆಶರ್ ಸೆನ್ಸರ್, ಡಿಜಿಟಲ್ ಡಿಸ್‌ಪ್ಲೇ ಇರುವ ಮಾಡೆಲ್ ಇದರ ಕೆಲವು ಪಟ್ಟು ಇತ್ತು, ಡೆಮೋದಲ್ಲಿ ನೋಡಿದೆ. ಓದು ಚಕಚಕ ಬರುತ್ತದೆ, ಗ್ರಾಫೂ ಬರುತ್ತದೆ, ಆದರೆ ನೀರು ತಾನಾಗಿ ಮೆಲ್ಲಗೆ ಏರುವುದನ್ನು ನೋಡುವ ಭಾಗ್ಯ ಅದರಲ್ಲಿಲ್ಲ. ಅದೂ ಅಲ್ಲದೆ ಡೆಮೋ ಪೀಸಿನಲ್ಲೂ ತೂತು ಸಣ್ಣದೇ. ತಪ್ಪು ಉತ್ತರವನ್ನು ನಾಲ್ಕು ದಶಮಾಂಶದಲ್ಲಿ ತೋರಿಸಿದರೆ ಏನು ಬಂತು? ನೀರಿನ ಮಾಡೆಲ್ಲೇ ತಗೊಳ್ಳಿ. ಕೊಟೇಶನ್ ಕೇಳುವಾಗ ಗಾಳಿ ಬಿಡುವ ವಾಲ್ವಿನ ತೂತು ಕಡೇ ಪಕ್ಷ 15 ಮಿ.ಮೀ. ಇರಬೇಕು, ಬಾಟಲಿ 20 ಲೀಟರಿಗೆ ಕಡಿಮೆ ಇರಬಾರದು, ಒಣಗಿಸುವ ಕೊಳವೆ ಜೊತೆಗೆ ಬರಬೇಕು ಅಂತ ಬರವಣಿಗೆಯಲ್ಲೇ ಹಾಕಿ. ಬಾಯಿಮಾತಿಗೆ ಹೇಳಿದರೆ "ಆಯ್ತು ಮೇಡಂ" ಅಂದು ಅದೇ ಹಳೇ ಪೀಸ್ ಕಳಿಸುತ್ತಾರೆ. ಅವರು ಒಪ್ಪದಿದ್ದರೆ ಪೆಟ್ಟಿಗೆ ಬೇಡ, ಅಷ್ಟು ದುಡ್ಡು ಇಳಿಸಿ ಅನ್ನಿ, ಬಾಲ್ ವಾಲ್ವ್ ನಿಮ್ಮ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ.